ತಿರುವಿನ ರಂಗೋಲಿ

ಪದ್ಮನಾಭನಗರ
ಭಾನುವಾರ ಬೆಳಿಗ್ಗೆ

ಪ್ರೀತಿಯ ಸುರಭಿ,

ಇದನ್ನು ಈಗಲೇ ಬರೆಯದಿದ್ದರೆ ನನಗೆ ತಿಂಡಿ ಸೇರುವುದಿಲ್ಲ.

ನಿಮ್ಮ ಜಪಾನಿನಿಂದ ಬಂದ ಮರುದಿನವೇ ನಮ್ಮ ರಸ್ತೆ ತಿರುವಿನ ಕಸದ ಗುಡ್ಡೆ ತೆಗೆಸಿ, ಅಲ್ಲಿ ರಂಗೋಲಿ ಹಾಕಿದೆ ಕಣೇ. ನಾಲ್ಕು ದಿನ ಒಂದು ಕಾಗದದ ಚೂರೂ ಬೀಳಲಿಲ್ಲ!

ಇವತ್ತು ಅಲ್ಲಿ ಒಂದು ಕಸದ ಕವರ್ ಬಂದಿತ್ತು. ರಂಗೋಲಿಯ ಒಂದೆಳೆಯೂ ಅಳಿಸದ ಹಾಗೆ ಪಕ್ಕದಲ್ಲಿ ಜೋಪಾನವಾಗಿ ಇಟ್ಟಿದ್ದರು. ಬಿಚ್ಚಿದರೆ ನಿನ್ನ ಭಾವನ ಹೆಸರಿನ ಡಾಕ್ಟರ್ ಚೀಟಿ. ನಿಮ್ಮೂರಲ್ಲಿ ಡಸ್ಟ್‌ಬಿನ್ ಸಿಗದೆ ಬಾಳೆಹಣ್ಣಿನ ಸಿಪ್ಪೆಯನ್ನು ಇಡೀ ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ ಮನುಷ್ಯ ಇವರೇ. ಕೇಳಿದರೆ, “ರಂಗೋಲಿ ತುಳಿದಿಲ್ವಲ್ಲ ವಾರಿಜಾ” ಅಂದರು.

ಅಮ್ಮನ ಪುಸ್ತಕದ ಇಪ್ಪತ್ತೊಂದು ಚುಕ್ಕಿಯ ರಂಗೋಲಿ ನಿನ್ನ ಹತ್ತಿರ ಇದೆಯಲ್ಲ, ಇವತ್ತೇ ಫೋಟೋ ಕಳಿಸು. ನಾಳೆ ನಮ್ಮ ಹೊಸಿಲಿನಿಂದಲೇ ಶುರು ಮಾಡುತ್ತೇನೆ. ಕವರ್ ಹಿಡಿದುಕೊಂಡು ಇವರು ಕಾಲು ಎಲ್ಲಿಡುತ್ತಾರೋ ನೋಡೋಣ.

ನಿನ್ನ ಅಕ್ಕ,
ವಾರಿಜಾ