ಪಾದ್ರಿಯವರ ಬೂಟು ಯಾತ್ರೆಗೆ ಹೋದದ್ದು

ಅಂಗಡಿಯ ಹಿಂದಿನ ಕೋಣೆಯಿಂದ,
ಏಪ್ರಿಲ್ ೨೩, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮವರಿಗೆ,

ಕಾಲಿನ ಗುಳ್ಳೆಗಳು ಒಣಗಿದವೇ? ದಾರಿಯ ನಡುವೆ ತಂಗಿರುವ ಕನ್ಯಾಸ್ತ್ರೀಯರ ಅತಿಥಿಗೃಹದಲ್ಲಿ ಹೊತ್ತಿಗೆ ಸರಿಯಾಗಿ ಬಿಸಿ ಊಟ ಸಿಗುತ್ತಿದೆ ಎಂದು ಬರೆದಿದ್ದೀರಿ, ಸಂತೋಷ. ಮಾತ್ರೆ ನುಂಗುತ್ತಿದ್ದೀರೋ ಇಲ್ಲವೋ, ಅದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದೀರಿ. ನಾನು ಚೆನ್ನಾಗಿದ್ದೇನೆ. ಮೊಣಕಾಲು ತನ್ನ ಹಠ ಬಿಟ್ಟಿಲ್ಲ, ಅಷ್ಟೇ.

ಗುಳ್ಳೆ ಯಾಕೆ ಬಂತು ಗೊತ್ತೇ? ಜೀವಮಾನವೆಲ್ಲ ಊರಿನವರ ಬೂಟು ಹೊಲಿದ ನೀವು, ಹೊರಡುವ ಅವಸರದಲ್ಲಿ ಪಾದ್ರಿಯವರು ಅಟ್ಟೆ ಬದಲಾಯಿಸಲು ಕೊಟ್ಟಿದ್ದ ಬೂಟು ಮೆಟ್ಟಿಕೊಂಡು ಹೋಗಿದ್ದೀರಿ! ನಿಮ್ಮದು ಬೆಂಚಿನ ಕೆಳಗೇ ಬಿದ್ದಿದೆ. ಪಾದ್ರಿಯವರು ಇವತ್ತು ಚಪ್ಪಲಿಯಲ್ಲೇ ಬಂದು ಪೂಜೆ ಅರ್ಪಿಸಿದರು. ಪೂಜೆ ಮುಗಿದ ಮೇಲೆ ನಾನು ತಲೆ ತಗ್ಗಿಸಿಕೊಂಡು ವಿಷಯ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾತ್ರೆ ಮಾಡಿ ಅಂತ ವರ್ಷವಿಡೀ ಹೇಳ್ತೀನಿ, ನಾನೇ ಹೋಗಿಲ್ಲ. ಬೂಟಾದ್ರೂ ಹೋಗಿ ಬರ್ಲಿ ಬಿಡಮ್ಮಾ" ಎಂದರು.

ಈ ಲೋಕದಲ್ಲಿ ನಾವು ದಾರಿಹೋಕರು, ನಿಜವಾದ ಮನೆ ಪರಲೋಕದ ತಂದೆಯ ಬಳಿ ಇದೆ ಎಂದು ಅವರು ಹೇಳಿದ್ದನ್ನು ನೀವು ಗಟ್ಟಿಯಾಗಿ ಹಿಡಿದುಕೊಂಡಿರಿ. ಮಗಳು ತೀರಿಕೊಂಡ ಮೇಲೆ ನಿಮಗೆ ಬೇರೆ ಮಾತೇ ರುಚಿಸಲಿಲ್ಲ. ಸಂತರ ಸಮಾಧಿಯವರೆಗೆ ನಡೆದುಕೊಂಡೇ ಹೋಗೋಣ ಬಾ ಎಂದಿರಿ. "ಈ ಲೋಕ ಬಾಡಿಗೆ ಮನೆ ಅಂದ್ಕೊಂಡ್ರೂ ಕಸ ಗುಡಿಸೋರು ಬೇಕಲ್ಲ" ಎಂದು ನಾನು ಮುಖ ತಿರುಗಿಸಿದೆ. ದೇವರು ಇಲ್ಲೂ ಇದ್ದಾನೆ, ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ನನ್ನ ವಾದ. ಗೆದ್ದವಳು ನಾನೇ. ಗೆದ್ದು ಈಗ ಒಬ್ಬಳೇ ಕೂತು ಉಣ್ಣುತ್ತಿದ್ದೇನೆ.

ಇವತ್ತಿನ ಪ್ರಸಂಗ, ಗುರುವನ್ನು ಕಳೆದುಕೊಂಡ ಇಬ್ಬರು ಶಿಷ್ಯರು ಊರು ಬಿಟ್ಟು ನಡೆಯುವಾಗ ಸತ್ತು ಎದ್ದ ಆ ಗುರು ಯೇಸುವೇ ಅಪರಿಚಿತನಂತೆ ಬಂದು ಜೊತೆಯಾದದ್ದು. ಎಷ್ಟು ಸಲ ಕೇಳಿಲ್ಲ ನಾವು! ಆದರೆ ಒಂದು ವಿಷಯ ಇಂದೇ ತಲೆಗೆ ಹೋಯಿತು. ಅವರೇನೂ ಜಪ ಮಾಡಿಕೊಂಡು ಹೋಗುತ್ತಿರಲಿಲ್ಲ. ತೀರಿಹೋದವನ ಬಗ್ಗೆ ಒಬ್ಬರಿಗೊಬ್ಬರು ಹೇಳಿಕೊಂಡು, ಕೊರಗಿಕೊಂಡು ಹೋಗುತ್ತಿದ್ದರು. ಆ ಮಾತಿನ ನಡುವೆಯೇ ಅವನು ಬಂದ. ಇಲ್ಲಿ ನಾನು ಮಗಳ ಸುದ್ದಿ ಎತ್ತಿದರೆ ಪಕ್ಕದ ಬ್ರೆಡ್ಡಿನಂಗಡಿಯವಳು ಹವೆಯ ಮಾತು ತೆಗೆಯುತ್ತಾಳೆ. ಪಾಪ, ನನ್ನನ್ನು ಅಳಿಸಬಾರದೆಂದು. ನಿನ್ನೆ ಗೋಂದಿನ ಡಬ್ಬಿ ತೆರೆದಾಗ, ನಮ್ಮ ಹುಡುಗಿ ಆ ವಾಸನೆಗೆ ಮೂಗು ಹಿಡಿದುಕೊಂಡು ಅಂಗಡಿಯೆಲ್ಲ ಓಡುತ್ತಿದ್ದುದು ನೆನಪಾಗಿ ಗಟ್ಟಿಯಾಗಿ ನಕ್ಕುಬಿಟ್ಟೆ. ತಿರುಗಿ ನೋಡಿದರೆ ಹೊಲಿಗೆ ಯಂತ್ರ ಬಿಟ್ಟರೆ ಯಾರೂ ಇಲ್ಲ. ತುಂಬಾ ಬೇಜಾರಾಯಿತು ರೀ.

ಕನ್ಯಾಸ್ತ್ರೀಯರಿಗೆ ನನ್ನ ನಮಸ್ಕಾರ ತಿಳಿಸಿ. ದೇವರು ನಿಮ್ಮನ್ನು ಕಾಯಲಿ.

ಇಂತಿ,
ನಿಮ್ಮ ಮನೆಯವಳು

ಮರೆತಿದ್ದೆ: ಅಂಗಡಿಯ ಬೀಗದ ಕೈಯನ್ನು ಬ್ರೆಡ್ಡಿನಂಗಡಿಯವಳಿಗೆ ಕೊಟ್ಟು ಗುರುವಾರದ ಬಸ್ಸಿಗೆ ಹೊರಡುತ್ತೇನೆ. ನಾನು ಬರುವವರೆಗೆ ಅಲ್ಲಿಂದ ಕದಲಬೇಡಿ. ಉಳಿದ ದಾರಿಯನ್ನು ನಿಧಾನವಾಗಿ ನಡೆಯೋಣ. ನನಗೆ ನಮ್ಮ ಹುಡುಗಿಯ ಬಗ್ಗೆ ಮಾತಾಡಬೇಕು.