ಪ್ರಶಸ್ತಿಯ ಅಳು

ಭಾನುವಾರ ಬೆಳಗ್ಗೆ

ಮುದ್ದು ತಂಗೀ,

ಮನೆಯವರೆಲ್ಲ ಸುಖವಾಗಿದ್ದೀರಿ ಅಂದುಕೊಂಡೇ ಶುರು ಮಾಡುತ್ತೇನೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಅಕ್ಷರ ಕೋಳಿ ಕೆದರಿದ ಹಾಗಿದೆ, ಗೊತ್ತು. ಖುಷಿಯಲ್ಲಿ ಗೀಚುತ್ತಿದ್ದೇನೆ ಕಣೇ. ನಮಗೆ ಪ್ರಶಸ್ತಿ ಬಂತು! ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟಿ, ಎರಡೂ! ನಮಗೆ ಅಂದರೆ, ಪರದೆಯ ಮೇಲೆ ಮುಖ ನಾಯಕಿಯದು, ಅಳು ನನ್ನದು.

ಕಥೆ ಕೇಳಿದರೆ ನಗುತ್ತೀಯ. ಕಣ್ಣು ಕಾಣದ ಅಪ್ಪ, ಕೆಮ್ಮುವ ಅಮ್ಮ, ತಡವಾಗಿ ಬರುವ ಮಗಳು, ಒಂದು ಕಿಟಕಿ, ಕಿಟಕಿಯಾಚೆ ಮಂಜು. ಯಾರಾದರೂ ಒಬ್ಬ ಡಾಕ್ಟರನ್ನು ಕರೆಸಿದ್ದರೆ ಅರ್ಧಕ್ಕೇ ಮುಗಿದುಹೋಗುತ್ತಿತ್ತು. ನಮ್ಮ ನಿರ್ದೇಶಕರು ಮೌನವೇ ಸಿನಿಮಾದ ಭಾಷೆ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ, ಅದಕ್ಕೇ ಸ್ಟುಡಿಯೋದಲ್ಲಿ ಅವರ ಹೆಸರು ಮೌನಿ. ಶೂಟಿಂಗಿನಲ್ಲಿ ಬೀದಿನಾಯಿಯೊಂದು ಖುಷಿಯಾಗಿ ಬಾಲ ಅಲ್ಲಾಡಿಸಿತಂತೆ. "ಜ್ಯೂರಿಗೆ ಹಿಡಿಸಲ್ಲ" ಅಂತ ಆ ಶಾಟನ್ನೇ ಕಿತ್ತುಹಾಕಿದರಂತೆ!

ಸತ್ತ ಅಮ್ಮನ ಬಟ್ಟೆಗಳನ್ನು ಮಡಚಿಡುತ್ತ ಮಗಳು ಅಳುವುದು ಕೊನೆಯ ದೃಶ್ಯ. ನಾಯಕಿ ಒಳ್ಳೆಯ ಹುಡುಗಿ. ಕಣ್ಣಲ್ಲಿ ನೀರು ಧಾರಾಳ, ಗಂಟಲಲ್ಲಿ ಮಾತ್ರ ಇಲಿ ಕೂತಿದೆ. ಹಾಗಾಗಿ ಅವಳಿಗೆ ದನಿ ಕೊಡಲು ನನಗೆ ಕರೆ ಬಂತು. ಹೋದೆ, ಮೈಕಿನ ಮುಂದೆ ನಿಂತೆ, ನನ್ನ ಮಾಮೂಲಿ ಅಳು ಅತ್ತೆ. ಮೌನಿ ಎರಡೂ ಕೈ ಎತ್ತಿದರು.

"ಅಮ್ಮಾ, ಇದು ಟಿಕೆಟ್ ಮಾರೋ ಅಳು. ನನಗೆ ಪ್ರಶಸ್ತಿ ಅಳು ಬೇಕು."

"ಅದು ಹೇಗಿರುತ್ತೆ ಸಾರ್?"

"ಬರಬೇಕು, ಆದ್ರೆ ಬರಬಾರದು."

"ನಮ್ಮ ಬೀದಿ ಬಸ್ಸಿನ ಥರ" ಅಂದ ಧ್ವನಿಮುದ್ರಣದವನು, ಗಾಜಿನ ಆಚೆಯಿಂದ.

ಉಸಿರು ಕಟ್ಟಿ ನೋಡಿದೆ, ನುಂಗಿ ನೋಡಿದೆ, ಬಿಕ್ಕಿ ನೋಡಿದೆ. "ಅಕ್ಕಾ, ಇದು ನೆಗಡಿ ಥರ ಕೇಳಿಸ್ತಿದೆ" ಅಂದ ಅವನೇ. ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಕೊನೆಗೆ ನಿರ್ಮಾಪಕರು ಬಾಗಿಲಲ್ಲಿ ನಿಂತು, ನನಗೆ ಕೇಳಿಸಲಿ ಅಂತಲೇ, "ಬೇರೆ ಯಾರನ್ನಾದ್ರೂ ಕರೆಸೋಣ, ಇವರಿಗೆ ವಯಸ್ಸಾಯ್ತು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟು ನಾಯಕಿಯರ ಅಪ್ಪ, ಅಮ್ಮ, ಗಂಡಂದಿರನ್ನು ಅತ್ತು ಕಳಿಸಿಕೊಟ್ಟವಳು ನಾನು! ಅಳುವುದಕ್ಕೂ ವಯಸ್ಸಾಗುತ್ತದೆಯೇ?

"ದೀಪ ಆರಿಸಿ, ಇನ್ನೊಂದೇ ಸಲ" ಅಂದೆ.

ಪರದೆಯ ಮೇಲೆ ಮಗಳು ಅಮ್ಮನ ಹಳೆಯ ಸ್ವೆಟರ್ ಎತ್ತಿಕೊಂಡಳು. ಅದರ ಒಂದು ಗುಂಡಿ ಬೇರೆ ಬಣ್ಣದ್ದು. ಅಷ್ಟೇ ನೋಡಿದ್ದು. ಆಮೇಲೆ ಬಂದದ್ದು ನಾನು ಕರೆದು ಬಂದದ್ದಲ್ಲ. ದೃಶ್ಯ ಮುಗಿದರೂ ಅದು ನಿಲ್ಲಲಿಲ್ಲ. ದೀಪ ಹಾಕಿದಾಗ ಧ್ವನಿಮುದ್ರಣದವನು ಹೆಡ್‌ಫೋನ್ ಕಳಚಿ ಮೂಗು ಒರೆಸಿಕೊಳ್ಳುತ್ತಿದ್ದ. ಮೌನಿ ಆವತ್ತು ಮೊದಲ ಸಲ ನಿಜವಾಗಿ ಮೌನವಾಗಿದ್ದರು. ಆಮೇಲೆ "ಎಲ್ಲಿತ್ತಮ್ಮಾ ಇದು?" ಅಂದರು. "ಇತ್ತು ಸಾರ್" ಅಂದು ಬಿಸಿನೀರು ಕುಡಿದು ಮನೆಗೆ ಬಂದೆ.

ನಿನ್ನೆ ನಾಯಕಿ ಸಮಾರಂಭದಿಂದಲೇ ಫೋನ್ ಮಾಡಿ "ಅಕ್ಕಾ, ನಮಗೇ ಬಂತು!" ಅಂತ ಕಿರುಚಿದಳು. ಆ ಕಿರುಚಾಟದಲ್ಲೂ ಇಲಿಯೇ, ಪಾಪ. ಕೊನೆಯ ದೃಶ್ಯದ ಅಳು ಈ ವರ್ಷದ ಅತ್ಯುತ್ತಮ ಅಭಿನಯ ಅಂತ ಜ್ಯೂರಿಯವರು ಹೇಳಿದರಂತೆ. ನಿನ್ನ ಭಾವ ಕುಣಿದದ್ದೇ ಕುಣಿದದ್ದು. ಮದುವೆಯಾದ ಹೊಸದರಲ್ಲಿ ನಾನು ಮನೆಯಲ್ಲಿ ಅಳು ಅಭ್ಯಾಸ ಮಾಡುವಾಗ ಮೇಲಿನ ಮನೆಯಾಕೆ ಬಂದು ಹೆಂಡತಿಗೆ ಹೊಡೆಯುತ್ತೀರಾ ಅಂತ ಅವರಿಗೆ ಛೀಮಾರಿ ಹಾಕಿದ್ದಳಲ್ಲ, "ಅವಳಿಗೂ ಒಂದು ಪಾಸ್ ಕಳಿಸು, ನನ್ನ ಮೇಲಿನ ಕಳಂಕ ಹೋಗಲಿ" ಅನ್ನುತ್ತಿದ್ದಾರೆ.

ಮುಂದಿನ ಶನಿವಾರ ಪ್ರದರ್ಶನ. ನನಗೆ ಎರಡು ಸೀಟು ಕೊಟ್ಟಿದ್ದಾರೆ. ನಿನ್ನ ಭಾವ ಇಂಥ ಸಿನಿಮಾದಲ್ಲಿ ಗೊರಕೆ ಹೊಡೆಯುತ್ತಾರೆ, ಅವರಿಗೆ ಬೇಡ. ಇನ್ನೊಂದು ಸೀಟು ನಿನಗೆ. ಅಮ್ಮ ಹೋದಮೇಲೆ ನಾವಿಬ್ಬರೂ ಒಂದು ಕಡೆ ಕೂತೇ ಇಲ್ಲ. ಒಂದು ಸಲ ನಿನ್ನ ನೆಪ, ಒಂದು ಸಲ ನನ್ನದು. ಈ ಸಲ ನೆಪ ಹುಡುಕಬೇಡ, ಬಾ.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ

ತಾ.ಕ.: ಇದನ್ನು ಮೇಲೆ ಬರೆಯುವುದಕ್ಕೆ ಧೈರ್ಯ ಬರಲಿಲ್ಲ. ಅಮ್ಮ ಹೋದ ದಿನ ಅವಳನ್ನು ಹೊರಗೆ ತಂದಾಗ ನಾನು ಅತ್ತೆನಲ್ಲ, ನೀನು ನನ್ನ ತೋಳು ಹಿಡಿದು ಎಲ್ಲರೆದುರು "ಸಾಕು ಅಕ್ಕಾ, ಇದು ಸ್ಟುಡಿಯೋ ಅಲ್ಲ" ಅಂದೆ. ನೀನೂ ಸಂಕಟದಲ್ಲಿ ಅಂದದ್ದು, ನನಗೆ ಗೊತ್ತು. ಆದರೆ ಅಲ್ಲಿಗೇ ಬಾಯಿ ಮುಚ್ಚಿಕೊಂಡವಳು ಅಮ್ಮನಿಗೆ ಅಂತ ಮತ್ತೆ ಅಳಲೇ ಇಲ್ಲ. ಆ ಬೇರೆ ಬಣ್ಣದ ಗುಂಡಿ ನೋಡಿದೆನಲ್ಲ, ಅಮ್ಮನ ಸ್ವೆಟರಿನಲ್ಲೂ ಒಂದಿತ್ತು, ನೆನಪಿದೆಯಾ? ಶನಿವಾರ ಕೊನೆಯ ದೃಶ್ಯ ಬಂದಾಗ ಪರದೆ ನೋಡಬೇಡ, ಕಣ್ಣು ಮುಚ್ಚಿ ಕೇಳು. ಅದು ಅಮ್ಮನಿಗೆ ನಾನು ಅತ್ತದ್ದು. ಈ ಸಲ ಸಾಕು ಅನ್ನಬೇಡ.