ಹನ್ನೊಂದು ವರ್ಷದ ಹೊಗೆ

೧೧ ಫೆಬ್ರವರಿ ೨೦೨೫, ಮಂಗಳವಾರ

ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಕಡೂರಿನಲ್ಲಿ ಇವತ್ತು ಡಾಕ್ಟರು ಎಕ್ಸ್‌ರೇ ನೋಡುತ್ತಾ, ತಲೆ ಎತ್ತದೆ, "ಹೊಗೆ ಸೇದ್ತೀರಾ?" ಎಂದರು. "ಹೌದು ಸಾರ್, ಹನ್ನೊಂದು ವರ್ಷ" ಎಂದೆ. ಗಲ್ಫಿನ ಎಣ್ಣೆ ಬಾವಿಯ ಪಕ್ಕ ವೆಲ್ಡಿಂಗ್ ಮಾಡಿಕೊಂಡು, ಅಲ್ಲಿ ಹಗಲೂ ರಾತ್ರಿ ಉರಿಸುವ ಗ್ಯಾಸಿನ ಹೊಗೆ ಸೇದಿದ್ದು ಅಷ್ಟು ವರ್ಷವೇ. ಅವರು ಕೇಳಿದ್ದು ಬೀಡಿ ಸಿಗರೇಟಿನ ಮಾತು ಎಂದು ಗೊತ್ತಾಗಿದ್ದು ವಾಪಸ್ ಬರುವಾಗ ಯಗಟಿ ಬಸ್ಸಿನಲ್ಲಿ, ಹೆಂಡತಿ ಹೇಮಾವತಿ ಡಾಕ್ಟರ ಚೀಟಿ ಓದಿದಾಗ.

"ಅಲ್ರೀ, ಸ್ಮೋಕರ್ ಅಂತ ಬರ್ದವ್ರಲ್ರೀ! ಒಂದ್ ಬೀಡಿ ಮುಟ್ಟಿದೋರಾ ನೀವು?"

ರೋಗ ಎಲ್ಲಿಂದ ಬಂತು ಎಂದು ಕಂಪನಿಗೆ ತೋರಿಸಲೆಂದೇ ಬರೆಸಿದ ಚೀಟಿ ಅದು. ಕಂಪನಿಯವರಿಗೆ ಬೇಕಾಗಿದ್ದ ಉತ್ತರವನ್ನು ನಾನೇ ಕೈಯಾರೆ ಕೊಟ್ಟೆ. ಆ ಬಾವಿ, ಆ ಬೆಂಕಿ, ಉಗುಳಿದರೆ ಕಪ್ಪಗೆ ಬೀಳುತ್ತಿದ್ದ ಕಫ, ಎಲ್ಲವೂ ತಪ್ಪಿಸಿಕೊಂಡವು. ಸಿಕ್ಕಿಬಿದ್ದವನು ನಾನು, ಸೇದದ ಬೀಡಿಗೆ.

"ನಾಳೆ ಹೋಗಿ ಬಿಡ್ಸಿ ಹೇಳ್ರೀ" ಅನ್ನುತ್ತಾಳೆ. ಬಿಡಿಸಿ ಹೇಳುವಷ್ಟು ಉಸಿರಿದ್ದಿದ್ದರೆ ಇವತ್ತೇ ಹೇಳುತ್ತಿರಲಿಲ್ಲವೇ? ಮೂರು ಮಾತಾಡಿದರೆ ಕೆಮ್ಮು ಬರುತ್ತದೆ. ಅದಕ್ಕೇ ಇತ್ತೀಚೆಗೆ ಯಾರು ಏನು ಕೇಳಿದರೂ ಚುಟುಕಾಗಿ ಹೇಳಿ ಮುಗಿಸುತ್ತೇನೆ.

ಅವಳು ಮಲಗಿದ ಮೇಲೆ ಗೋಡೆಗೆ ಹೇಳಿ ನೋಡಿದೆ. "ಸಾರ್, ನಾನು ಸೇದಿದ್ದು ಬೀಡಿ ಹೊಗೆ ಅಲ್ಲ, ಅದು ಎಣ್ಣೆ..." ಅಷ್ಟಕ್ಕೇ ಕೆಮ್ಮು ಹಿಡಿಯಿತು. ನೀರು ಕುಡಿದು ಮತ್ತೆ ಹೇಳಿದೆ. ಐದು ಸಲ ಹೇಳಿದೆ.

ಒಂದು ಸಲವೂ ಉಸಿರು ಬಾವಿಯವರೆಗೆ ಹೋಗಲಿಲ್ಲ.